ಮಕಾರ ಹೆಚ್ಚಾಯಿತೆಂದು ತಳ್ಳಿಹಾಕಿದ ಐದು ಸಾಲಿನ ಹೂಮಳೆ ಕವಿತೆ: ಇಲ್ಲಿ ಅನುಪ್ರಾಸ ಅರ್ಥವನ್ನು ಕಟ್ಟುತ್ತಿದೆಯೇ, ಕೆಡಿಸುತ್ತಿದೆಯೇ?

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳು ಚಿಕ್ಕಮಗಳೂರಿನಲ್ಲಿ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಹೂಮಳೆ (ಕಾಫಿಯ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ) ಬಿದ್ದು ಕಾಫಿ ಅರಳಿದ್ದನ್ನು ಕಂಡು ಐದು ಸಾಲಿನ ಈ ಕವಿತೆಯನ್ನು ಬರೆದಳು.

ಮೊದಲ ಮಳೆ ಮೆಲ್ಲಮೆಲ್ಲನೆ ಮಣ್ಣ ಮುಟ್ಟಿತು,
ಮಲಗಿದ್ದ ಮೊಗ್ಗೆಲ್ಲ ಮೈ ಮುರಿದವು.
ಒಂಬತ್ತು ಹಗಲು ಕಾದು ಕಣ್ಣು ತೆರೆದರೆ
ಬೆಟ್ಟವೇ ಬೆಳ್ಳಗೆ;
ಬಾಯಿ ಬಾರದೆ ನಿಂತೆ.

ಇದನ್ನು ಅವಳು ಒಂದು ಕವಿಗೋಷ್ಠಿಯಲ್ಲಿ ಓದಿದಾಗ, ಅಧ್ಯಕ್ಷತೆ ವಹಿಸಿದ್ದ ಹಿರಿಯರು ಎಲ್ಲರೆದುರಿಗೇ ಇದು ಬರಿಯ ಮಕಾರದ ಮೆರವಣಿಗೆಯೆಂದೂ, ಪ್ರಾಸದ ಆಸೆಗೆ ಅರ್ಥವನ್ನು ಬಲಿ ಕೊಟ್ಟಂತಾಗಿದೆಯೆಂದೂ ಹೇಳಿದರು. ಅಂದಿನಿಂದ ಹುಡುಗಿ ಬರೆಯುವ ಪುಸ್ತಕವನ್ನು ತೆರೆದಿಲ್ಲ. ನಾನು ಸಾಹಿತ್ಯ ಓದಿದವಳಲ್ಲ, ತೋಟದ ಲೆಕ್ಕ ಬರೆಯುವವಳು. ಆದರೆ ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಏನೋ ಆಗುತ್ತದೆ, ಮತ್ತು ಅದು ಆ ಮಕಾರಗಳಿಂದಲೇ ಆಗುತ್ತದೆ ಎಂದು ಅನ್ನಿಸುತ್ತದೆ. ಬಲ್ಲವರು ಹೇಳಬೇಕು: ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಅದು ಕಿವಿಗೆ ಹಾಕಿದ ಓಲೆ ಮಾತ್ರವೇ, ಅಥವಾ ಅರ್ಥಕ್ಕೂ ಅದರಲ್ಲಿ ಪಾಲಿದೆಯೇ?

ಹೇಮಾವತಿ ದಂಡೆ

ಎರಡನೆಯ ಸಾಲನ್ನು ಗಟ್ಟಿಯಾಗಿ ಓದಿ, ತುಟಿ ಎಷ್ಟು ಸಲ ಮುಚ್ಚಿ ತೆರೆಯುತ್ತದೆ ಎಂದು ಎಣಿಸಿ ನೋಡಿ.

ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

ಮೊದಲು ಒಂದು ತಿದ್ದುಪಡಿ. ಆ ಹಿರಿಯರು ‘ಪ್ರಾಸ’ ಎಂಬ ಮಾತನ್ನು ಬಳಸಿದ್ದರೆ ಅದು ಸಡಿಲವಾದ ಬಳಕೆ. ನಮ್ಮ ಛಂದಸ್ಸಿನಲ್ಲಿ ಪ್ರಾಸವೆಂದರೆ ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. 10ನೆಯ ಶತಮಾನದ ನಾಗವರ್ಮ ಅದರ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂಬ ಆರು ಬಗೆಗಳನ್ನು ಹೇಳುತ್ತಾನೆ. ಪದದ ಮೊದಲಲ್ಲೋ ನಡುವೆಯೋ ಒಂದೇ ವರ್ಣ ಹಲವು ಸಲ ಮರುಕಳಿಸುವುದು ಅನುಪ್ರಾಸ, ಅದು ಶಬ್ದಾಲಂಕಾರ. ಈ ಕವಿತೆಯಲ್ಲಿರುವುದು ವೃತ್ತ್ಯನುಪ್ರಾಸ.

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಆ ‘ವೃತ್ತಿ’ ಎಂಬ ಮಾತಿನಲ್ಲಿಯೇ ಇದೆ. ಪ್ರಾಚೀನರು ವರ್ಣಗಳನ್ನು ಸುಮ್ಮನೆ ಎಣಿಸಲಿಲ್ಲ. ಯಾವ ವರ್ಣ ಮರುಕಳಿಸಿದರೆ ಯಾವ ಭಾವಕ್ಕೆ ಒದಗುತ್ತದೆ ಎಂದು ನೋಡಿ ಉಪನಾಗರಿಕಾ (ಇಂಪಾದದ್ದು), ಪರುಷಾ (ಗಡಸಾದದ್ದು), ಕೋಮಲಾ (ಮೃದುವಾದದ್ದು) ಎಂದು ವೃತ್ತಿಗಳನ್ನು ವಿಂಗಡಿಸಿದರು. ಎಂದರೆ ಸದ್ದಿಗೂ ಭಾವಕ್ಕೂ ನಂಟಿದೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಈ ಅಲಂಕಾರಕ್ಕೆ ಹೆಸರು ಬಂದದ್ದು. ಅದನ್ನು ಬರಿಯ ಓಲೆ ಎಂದು ಕರೆಯುವುದು ಪರಂಪರೆಗೂ ಅನ್ಯಾಯ.

ಒಪ್ಪದವನು, ಹಾಸನ

ಮೇಷ್ಟ್ರ ಬಗ್ಗೆ ಗೌರವವಿದೆ, ಆದರೆ ನಾನು ಆ ಅಧ್ಯಕ್ಷರ ಪರವಾಗಿಯೇ ಮಾತನಾಡುತ್ತೇನೆ. ಮಕಾರ ಮೃದುವೆಂದು ನೀವು ಹೇಳುತ್ತೀರಿ. ಮಚ್ಚು, ಮಸಣ, ಮೊಸಳೆ, ಮಾರಿ, ಮೋಸ ಇವೂ ಮಕಾರದಿಂದಲೇ ಆರಂಭವಾಗುತ್ತವೆ. ಇವನ್ನು ಸಾಲಾಗಿ ಜೋಡಿಸಿದರೆ ಯಾರಿಗೂ ಮಳೆಯ ನೆನಪಾಗುವುದಿಲ್ಲ. ಹಾಗಾಗಿ ಅಕ್ಷರಕ್ಕೆ ಸ್ವಂತ ಅರ್ಥವಿಲ್ಲ. ಮಳೆ, ಮಣ್ಣು, ಮೊಗ್ಗು ಎಂಬ ಪದಗಳ ಅರ್ಥ ಮೃದುವಾಗಿರುವುದರಿಂದ ಸದ್ದೂ ಮೃದುವೆಂದು ನಮಗೆ ಭ್ರಮೆಯಾಗುತ್ತದೆ, ಅಷ್ಟೇ.

ಇನ್ನೊಂದು ಮಾತು. 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯ, ಎಂದರೆ ಕಾವ್ಯದಲ್ಲಿ ಸೂಚ್ಯಾರ್ಥವೇ ಮುಖ್ಯವೆಂಬ ತತ್ತ್ವದ, ದೊಡ್ಡ ಪ್ರತಿಪಾದಕ. ಶೃಂಗಾರ ಪ್ರಧಾನವಾಗಿರುವ ಕಡೆ ಒಂದೇ ರೂಪದ ಅನುಪ್ರಾಸವನ್ನು ಪ್ರಯತ್ನಪಟ್ಟು ಎಳೆದುಕೊಂಡು ಹೋದರೆ ಅದು ರಸವನ್ನು ಬೆಳಗುವುದಿಲ್ಲ ಎಂದು ಅವನೇ ಹೇಳಿದ್ದಾನೆ. ಎರಡು ಸಾಲಿನಲ್ಲಿ ಹತ್ತು ಮಕಾರಗಳೆಂದರೆ ಪ್ರಯತ್ನ ಎದ್ದು ಕಾಣುವುದಿಲ್ಲವೇ?

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಹಾಸನ

ಒಪ್ಪದವರ ಮೊದಲ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ‘ಮ’ ಎಂಬ ಧ್ವನಿಗೆ ನಿಘಂಟಿನಲ್ಲಿ ಕೊಡಬಹುದಾದ ಅರ್ಥವಿಲ್ಲ. ಆದರೆ ಅದಕ್ಕೆ ಒಂದು ದೇಹವಿದೆ. ಮಕಾರವನ್ನು ಹೇಳಲು ಎರಡೂ ತುಟಿಗಳು ಪೂರ್ತಿಯಾಗಿ ಸೇರಬೇಕು, ಉಸಿರು ಮೂಗಿನಿಂದ ಹೋಗಬೇಕು. ತುಟಿ ಮುಚ್ಚಿರುವಾಗಲೂ ಸದ್ದು ಒಳಗೆ ಗುಂಯ್‌ಗುಡುತ್ತಿರುತ್ತದೆ. ಬಕಾರವೂ ಓಷ್ಠ್ಯವೇ, ಅದೇ ತುಟಿಗಳು, ಅದೇ ಜಾಗ. ಆದರೆ ಅಲ್ಲಿ ಮೂಗಿನ ದಾರಿ ಮುಚ್ಚಿರುವುದರಿಂದ ಉಸಿರು ತುಟಿಗಳ ಹಿಂದೆ ಒತ್ತಿಕೊಂಡು ನಿಂತು, ಅವು ಬಿಚ್ಚಿದ ಕ್ಷಣ ಹೊರಗೆ ಚಿಮ್ಮುತ್ತದೆ.

ಈಗ ಕವಿತೆಯನ್ನು ನೋಡಿ. ಮೊಗ್ಗು ಮುಚ್ಚಿರುವ ಎರಡು ಸಾಲುಗಳಲ್ಲಿ ಮಕಾರ. ಹೂವು ತೆರೆದ ಎರಡು ಸಾಲುಗಳಲ್ಲಿ ಬಕಾರ: ಬೆಟ್ಟ, ಬೆಳ್ಳಗೆ, ಬಾಯಿ, ಬಾರದೆ. ಓದುವವರ ತುಟಿಗಳೇ ಮೊದಲು ಮೊಗ್ಗಾಗಿ, ಆಮೇಲೆ ಹೂವಾಗುತ್ತವೆ. ಮಚ್ಚು, ಮಸಣ ಎಂದು ಜೋಡಿಸಿದಾಗ ಅದೇ ಮುಚ್ಚಿದ ತುಟಿ ಬೇರೆ ಅರ್ಥಕ್ಕೆ, ಉಸಿರು ಕಟ್ಟುವುದಕ್ಕೆ, ಒದಗಬಹುದು. ಧ್ವನಿ ಒಂಟಿಯಾಗಿ ಅರ್ಥ ಕೊಡುವುದಿಲ್ಲ. ಪದಗಳು ಒಂದು ದಿಕ್ಕನ್ನು ತೋರಿಸಿದಾಗ ಅದು ಆ ದಿಕ್ಕಿಗೆ ಮೈ ಕೊಡುತ್ತದೆ.

ಹೇಮಾವತಿ ದಂಡೆ

ನಾನು ಎಣಿಸಲು ಹೇಳಿದ್ದು ಇದೇ ಕಾರಣಕ್ಕೆ. ಬಿಡಿಸಿ ಹೇಳಿದ್ದಕ್ಕೆ ಧನ್ಯವಾದಗಳು, ತಂಗಿ.

ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

ಆನಂದವರ್ಧನನ ಮಾತನ್ನು ತಂದದ್ದು ಒಳ್ಳೆಯದಾಯಿತು, ಆದರೆ ಪೂರ್ತಿಯಾಗಿ ತರಬೇಕು. ಅವನು ಬೇಡವೆಂದದ್ದು ‘ಏಕರೂಪ’ದ ಅನುಬಂಧವನ್ನು, ಎಂದರೆ ಒಂದೇ ರೂಪವನ್ನು ಬಿಡದೆ ಎಳೆಯುವುದನ್ನು. ಈ ಹುಡುಗಿ ಎರಡೇ ಸಾಲಿಗೆ ಮಕಾರವನ್ನು ನಿಲ್ಲಿಸಿ, ಮೂರನೆಯ ಸಾಲನ್ನು ಬಹುಪಾಲು ಬರಿದಾಗಿ ಬಿಟ್ಟು, ಬಕಾರಕ್ಕೆ ಹೊರಳಿದ್ದಾಳೆ. ಅದು ಏಕರೂಪವಲ್ಲ. ಅಲಂಕಾರವು ರಸದ ಜೊತೆಯಲ್ಲಿಯೇ, ಬೇರೆ ಪ್ರಯತ್ನವಿಲ್ಲದೆ ಮೂಡಬೇಕೆಂದೂ ಅವನೇ ಹೇಳುತ್ತಾನೆ. ಮಳೆ, ಮಣ್ಣು, ಮೊಗ್ಗು ಈ ಮೂರರಲ್ಲಿ ಯಾವುದನ್ನು ಆಕೆ ಪ್ರಯತ್ನಪಟ್ಟು ತಂದಳು? ಕಣ್ಣೆದುರಿಗೆ ಇದ್ದದ್ದೇ ಅವು. ಕನ್ನಡವೇ ಅವಕ್ಕೆ ಒಂದೇ ಅಕ್ಷರವನ್ನು ಕೊಟ್ಟಿದೆ.

ಕಾಫಿ ಬೆಳೆಗಾರ, ಸಕಲೇಶಪುರ

ವಿದ್ವಾಂಸರ ನಡುವೆ ಬಾಯಿ ಹಾಕುತ್ತಿದ್ದೇನೆ, ಮನ್ನಿಸಬೇಕು. ನನ್ನ ತಕರಾರು ಅಕ್ಷರದ ಬಗ್ಗೆ ಅಲ್ಲ, ಮಳೆಯ ಬಗ್ಗೆ. ನಮ್ಮ ಕಡೆ ಮಾರ್ಚ್ ತಿಂಗಳ ಹೂಮಳೆ ಮೆಲ್ಲಮೆಲ್ಲನೆ ಬರುವುದಿಲ್ಲ. ಮಧ್ಯಾಹ್ನ ಸೆಕೆ ಕುದಿಯುತ್ತದೆ, ಸಂಜೆಗೆ ಮೋಡ ಕಪ್ಪಾಗಿ ಗುಡುಗು, ಸಿಡಿಲು, ಗಾಳಿ ಎಲ್ಲವೂ ಒಟ್ಟಿಗೆ ಬರುತ್ತವೆ. ಕೆಲವು ವರ್ಷ ಆಲಿಕಲ್ಲು ಬಿದ್ದು ಸಿಲ್ವರ್ ಮರದ ಕೊಂಬೆ ಮುರಿಯುತ್ತದೆ. ಒಂದು ಇಂಚಿನಷ್ಟಾದರೂ ಮಳೆಯಾದರೆ ಹೂವು ಚೆನ್ನಾಗಿ ಬಿಡುತ್ತದೆ. ನಾಲ್ಕು ಹನಿ ಮೆಲ್ಲನೆ ಬಿದ್ದು ನಿಂತರೆ ಹೂವು ಅರೆಬರೆಯಾಗಿ ಅರಳಿ ನಮಗೆ ನಷ್ಟವೇ ಆಗುತ್ತದೆ.

ಹೀಗಿರುವಾಗ ‘ಮೆಲ್ಲಮೆಲ್ಲನೆ’ ಎಂಬ ಮಾತು ಎಲ್ಲಿಂದ ಬಂತು? ಮಕಾರ ಬೇಕಾಗಿತ್ತು, ಅದಕ್ಕೇ ಬಂತು ಎಂದು ನನ್ನ ಅನುಮಾನ. ಹಾಗಿದ್ದರೆ ಆ ಹಿರಿಯರು ಹೇಳಿದ್ದು ಸರಿಯೇ: ಅಕ್ಷರದ ಆಸೆಗೆ ಕವಿತೆ ಸುಳ್ಳು ಹೇಳಿದೆ.

ಒಪ್ಪದವನು, ಹಾಸನ

ಬೆಳೆಗಾರರ ಮಾತು ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ್ದು. ಅನುಪ್ರಾಸದ ಅಪಾಯ ಇದೇ. ಮೊದಲು ಅದು ಪದವನ್ನು ಕೊಡುತ್ತದೆ, ಆಮೇಲೆ ಪದವು ಕಣ್ಣಿಗೆ ಬಟ್ಟೆ ಕಟ್ಟುತ್ತದೆ.

ಹಳಗನ್ನಡದ ಓದುಗ, ಬೇಲೂರು

ಸುಳ್ಳು ಎನ್ನುವ ಮೊದಲು ಅದೇ ಸಾಲಿನ ಕೊನೆಯನ್ನು ನೋಡಬೇಕು. ‘ಮುಟ್ಟಿತು.’ ಅಲ್ಲಿ ಟ್ಟ ಇದೆ, ಗಟ್ಟಿಯಾದ ಒತ್ತಕ್ಷರ. ಐದು ಮಕಾರಗಳಲ್ಲಿ ತೇಲಿ ಬಂದ ಹನಿ ಆರನೆಯ ಮಕಾರದ ಬೆನ್ನಿಗೇ ನೆಲಕ್ಕೆ ತಾಕುತ್ತದೆ. ಅದೇ ಟ್ಟ ನಾಲ್ಕನೆಯ ಸಾಲಿನಲ್ಲಿ ‘ಬೆಟ್ಟ’ ಎಂಬಲ್ಲಿ ಮತ್ತೆ ಬರುತ್ತದೆ, ಎರಡು ಕಡೆಯೂ ಪದದ ಎರಡನೆಯ ಅಕ್ಷರವಾಗಿಯೇ. ಮೇಷ್ಟ್ರು ಹೇಳಿದ ಆರು ಪ್ರಾಸಗಳಲ್ಲಿ ಸಜಾತಿಯ ಒತ್ತಕ್ಷರದ್ದು ಹಯಪ್ರಾಸ. ಅದರ ನೆರಳು ಇಲ್ಲಿ ಬಿದ್ದಿದೆ. ಮಳೆ ಮುಟ್ಟಿದ್ದು ಒಂದು ಹಿಡಿ ಮಣ್ಣನ್ನು, ಬೆಳ್ಳಗಾದದ್ದು ಇಡೀ ಬೆಟ್ಟ. ‘ಮುಟ್ಟಿತು’ ಎಂಬ ಕಾರಣವನ್ನೂ ‘ಬೆಟ್ಟ’ ಎಂಬ ಪರಿಣಾಮವನ್ನೂ ಕವಿತೆ ಎಲ್ಲಿಯೂ ‘ಆದ್ದರಿಂದ’ ಎಂದು ಜೋಡಿಸಿಲ್ಲ, ಒಂದು ಒತ್ತಕ್ಷರ ಜೋಡಿಸಿದೆ. ಇದಕ್ಕಿಂತ ಹೆಚ್ಚಾಗಿ ಸದ್ದು ಅರ್ಥಕ್ಕೆ ಏನು ಮಾಡಬೇಕು?

ಒಪ್ಪದವನು, ಹಾಸನ

ಆದರೆ ಮಾಧುರ್ಯ ಗುಣಕ್ಕೆ ಟವರ್ಗ ಕೂಡದು ಎಂದು ಸಂಸ್ಕೃತದ ಲಾಕ್ಷಣಿಕರು ಹೇಳುತ್ತಾರೆ. ನೀವು ಒಂದು ಕಡೆ ಕೋಮಲ ಎನ್ನುತ್ತೀರಿ, ಇನ್ನೊಂದು ಕಡೆ ಟ್ಟಕ್ಕೂ ಚಪ್ಪಾಳೆ ತಟ್ಟುತ್ತೀರಿ.

ಹಳಗನ್ನಡದ ಓದುಗ, ಬೇಲೂರು

ಆ ನಿಯಮವನ್ನು ಕನ್ನಡದ ಮೇಲೆ ಹಾಗೆಯೇ ಹೊರಿಸಲಾಗದು. ತೊಟ್ಟಿಲು, ಪುಟ್ಟ, ಬಟ್ಟಲು, ಹುಟ್ಟು, ಅಟ್ಟ, ಹಟ್ಟಿ: ನಮ್ಮ ಮನೆಯೊಳಗಿನ ಪದಗಳೆಲ್ಲ ಟ್ಟದಲ್ಲಿ ತುಂಬಿವೆ. ‘ಪುಟ್ಟ’ ಎಂದು ಮಗುವನ್ನು ಕರೆಯುವಾಗ ಯಾವ ತಾಯಿಗೂ ಅದು ಪರುಷವೆನ್ನಿಸುವುದಿಲ್ಲ. ಒಂದು ಭಾಷೆಯಲ್ಲಿ ಯಾವ ಸದ್ದು ಮೃದು, ಯಾವುದು ಕಠಿಣ ಎಂಬುದನ್ನು ಆ ಭಾಷೆಯ ದಿನಬಳಕೆಯ ಪದಗಳೇ ತೀರ್ಮಾನಿಸುತ್ತವೆ.

ಹೇಮಾವತಿ ದಂಡೆ

ಇದು ನಿಜ. ಸಂಸ್ಕೃತದ ಕಿವಿಯಲ್ಲಿ ಕನ್ನಡವನ್ನು ಕೇಳುವುದನ್ನು ಬಿಡಬೇಕು. ಪಂಪನ ಕಾಲದಿಂದಲೂ ನಮ್ಮ ಮಳೆಗೆ ಇಳೆ, ಎಳೆ, ಬೆಳೆ ಎಂಬ ಳಕಾರದ ಬಳಗವೇ ಜೊತೆಯಾಗಿದೆ. ಆ ಳಕಾರದಲ್ಲಿಯೇ ಒದ್ದೆಯಿದೆ. ಹುಡುಗಿ ಮಕಾರದ ಬದಲು ಳಕಾರವನ್ನು ಹಿಡಿದಿದ್ದರೆ ಕವಿತೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನ್ನ ಅನಿಸಿಕೆ.

ಹಳಗನ್ನಡದ ಓದುಗ, ಬೇಲೂರು

ಕ್ಷಮಿಸಿ, ಪಂಪನ ಕಾಲದಲ್ಲಿ ಅದು ಒಂದೇ ಬಳಗವಾಗಿರಲಿಲ್ಲ. ಆಗ ಮಳೆಯನ್ನು ‘ಮೞೆ’ ಎಂದು ಬರೆಯುತ್ತಿದ್ದರು, ಹಾಗೆಯೇ ನುಡಿಯುತ್ತಿದ್ದರು. ಆ ೞಕಾರ ಈಗ ನಮ್ಮಲ್ಲಿ ಇಲ್ಲ. ಹೊಯ್ಸಳರ ಕಾಲದ ಹೊತ್ತಿಗೆ ಜನರ ಬಾಯಲ್ಲಿ ಅದು ಳಕಾರದೊಡನೆ ಬೆರೆತುಹೋಗುತ್ತಿತ್ತು. ಅದಕ್ಕೇ 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಅಷ್ಟು ಕಾಳಜಿಯಿಂದ ರಳ, ಕುಳ, ಕ್ಷಳ ಎಂದು ಮೂರು ಬಗೆಯನ್ನು ಬೇರ್ಪಡಿಸಿ ಹೇಳಬೇಕಾಯಿತು. ರಳವೆಂದರೆ ಆ ೞಕಾರ, ಕುಳವೆಂದರೆ ಅಚ್ಚಗನ್ನಡದ ಳಕಾರ, ಕ್ಷಳವೆಂದರೆ ಸಂಸ್ಕೃತದ ಲಕಾರಕ್ಕೆ ಬದಲಾಗಿ ಬಂದದ್ದು.

ನೀವು ಜೋಡಿಸಿದ ಪದಗಳನ್ನೇ ತೆಗೆದುಕೊಳ್ಳಿ. ಮಳೆ ರಳ. ಎಳೆಯ ಮಗು ಎನ್ನುವಾಗಿನ ಎಳೆ ಕುಳ. ಸಂಸ್ಕೃತದಿಂದ ಬಂದ ಇಳೆ ಕ್ಷಳ. ಇಂದು ನಮ್ಮ ಕಿವಿಗೆ ಒಂದೇ ಆಗಿರುವ ಸದ್ದಿನೊಳಗೆ ಮೂರು ಬೇರೆ ಊರುಗಳಿಂದ ಬಂದವರು ಕುಳಿತಿದ್ದಾರೆ. ಹಳೆಯ ಕವಿಗೆ ಸಿಗದಿದ್ದ ಒಂದು ಅನುಪ್ರಾಸ ಭಾಷೆ ಬದಲಾದದ್ದರಿಂದ ನಮಗೆ ಸಿಕ್ಕಿದೆ. ನನಗಂತೂ ಇದು ದೊಡ್ಡ ಸಂತೋಷದ ವಿಷಯ, ಜೊತೆಗೆ ಸ್ವಲ್ಪ ಸಂಕಟದ್ದೂ ಹೌದು, ಏಕೆಂದರೆ ೞಕಾರದ ಮಳೆ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಅರಿಯಲು ಈಗ ತಮಿಳರ ಬಾಯಿಂದ ‘ಮೞೈ’ ಎಂಬ ಪದವನ್ನೇ ಕೇಳಬೇಕು.

ಸದ್ದಿನ ಮೋಹ ಈ ನೆಲಕ್ಕೆ ಹೊಸತೂ ಅಲ್ಲ. ನಮ್ಮೂರಿನ ಹತ್ತಿರದ ಹಲ್ಮಿಡಿಯ ಶಾಸನ ಸುಮಾರು 450ರದು. ಅದರ ಮೊದಲ ಸಂಸ್ಕೃತ ಪದ್ಯದಲ್ಲಿಯೇ ‘ಪರಿಷ್ವಂಗ’, ‘ಶಾರ್ಙ್ಗ’ ಎಂಬ ಪದಗಳು ಒಂದರ ಬೆನ್ನಿಗೆ ಒಂದು ಬಂದು ಅನುರಣಿಸುತ್ತವೆ.

ತೋಟದಮನೆ, ಮೂಡಿಗೆರೆ

ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಓದುತ್ತಿರುವುದನ್ನು ಕಂಡು ಮನಸ್ಸು ತುಂಬಿಬಂತು. ಸಕಲೇಶಪುರದ ಅಣ್ಣನವರ ಪ್ರಶ್ನೆಯನ್ನು ಫೋನಿನಲ್ಲಿ ಹುಡುಗಿಗೆ ಓದಿ ಹೇಳಿದೆ. ಅವಳು ಹೇಳಿದ್ದು ಇಷ್ಟು: ಅಂದು ಸಂಜೆ ಗುಡುಗಿ ಬರೀ ಗಾಳಿಯಾಗಿ ಹೋಯಿತು, ನಾವೆಲ್ಲ ಬೇಸರದಿಂದ ಮಲಗಿದೆವು, ಬೆಳಗಿನ ಜಾವ ಯಾವ ಸದ್ದೂ ಇಲ್ಲದೆ ಮಳೆ ಹಿಡಿದು ಎರಡು ಗಂಟೆ ಸುರಿಯಿತು. ಅದು ನನಗೂ ನೆನಪಿದೆ. ಹೆಂಚಿನ ಮೇಲೆ ಸದ್ದು ಕೇಳಿಸಲಿಲ್ಲವೆಂದು ನಾನು ಬಾಗಿಲು ತೆರೆದು ಅಂಗಳಕ್ಕೆ ಕೈ ಚಾಚಿ ನೋಡಿದ್ದೆ. ಮಳೆಮಾಪಕದಲ್ಲಿ ಬೆಳಿಗ್ಗೆ ಒಂದು ಇಂಚಿಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು.

ಕಾಫಿ ಬೆಳೆಗಾರ, ಸಕಲೇಶಪುರ

ಹಾಗಿದ್ದರೆ ಸುಳ್ಳೆಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ತಂಗಿ. ಹುಡುಗಿ ಕಂಡದ್ದನ್ನೇ ಬರೆದಿದ್ದಾಳೆ. ಆದರೂ ‘ಮೆಲ್ಲಮೆಲ್ಲನೆ’ ಎಂದು ಎರಡು ಸಲ ಬೇಕಿತ್ತೇ ಎಂಬುದು ಉಳಿಯುತ್ತದೆ.

‘ಒಂಬತ್ತು ಹಗಲು’ ಎಂಬುದರ ಬಗ್ಗೆಯೂ ಒಂದು ಮಾತಿದೆ. ಅರೇಬಿಕಾ ಆದರೆ ಮಳೆ ಬಿದ್ದ ಒಂಬತ್ತು ಹತ್ತನೆಯ ದಿನಕ್ಕೆ ಅರಳುತ್ತದೆ, ಸರಿ. ರೊಬಸ್ಟಾ ಏಳೆಂಟು ದಿನಕ್ಕೇ ಅರಳುತ್ತದೆ. ಮಳೆಗೆ ಮೊದಲು ಆ ಮೊಗ್ಗನ್ನು ನೀವು ಹತ್ತಿರದಿಂದ ನೋಡಬೇಕು. ಎಲೆಯ ಬುಡದಲ್ಲಿ ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿ, ಹಸಿರಾಗಿ, ಒಂದಕ್ಕೊಂದು ಅಂಟಿಕೊಂಡು ಕುಳಿತಿರುತ್ತದೆ; ಉಗುರಿನಿಂದ ಬಿಡಿಸಿದರೆ ಬೆರಳಿಗೆ ಅಂಟಂಟು. ನೀರು ಬಿದ್ದ ಮೇಲೆ ದಿನದಿನಕ್ಕೆ ಉದ್ದವಾಗಿ, ಬಿಳಿಚಿಕೊಂಡು, ಕೊನೆಗೆ ಸಣ್ಣ ಮೇಣದಬತ್ತಿಯ ಹಾಗೆ ನಿಲ್ಲುತ್ತದೆ. ಹಿಂದಿನ ದಿನದ ಸಂಜೆಯವರೆಗೂ ಬಾಯಿ ಬಿಗಿದುಕೊಂಡೇ ಇರುತ್ತದೆ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲವೂ ಒಟ್ಟಿಗೆ ತೆರೆದಿರುತ್ತವೆ. ತುಟಿ ಮುಚ್ಚಿ ತೆರೆಯುವ ಮಾತನ್ನು ಆ ವಿದ್ಯಾರ್ಥಿನಿ ಹೇಳಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಇದೇ.

ಓದುಗ, ಕೊಪ್ಪ

ಕಾಫಿ ಹೂವೆಂದರೆ ಪರಿಮಳ. ಅದೇ ಈ ಕವಿತೆಯಲ್ಲಿ ಇಲ್ಲವಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಹೊಳೆಯಿತು: ಮಕಾರವನ್ನು ಮೂಗಿನಿಂದಲೇ ನುಡಿಯುವುದು. ಹತ್ತು ಸಲ ಮೂಗಿನಿಂದ ಉಸಿರು ಬಿಟ್ಟ ಓದುಗನಿಗೆ ಪರಿಮಳದ ಅನುಭವವೂ ಆಗುತ್ತದೆ ಎನ್ನಬಹುದಲ್ಲವೇ?

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಹಾಸನ

ಅದನ್ನು ನಾನು ಒಪ್ಪಲಾರೆ, ಸರ್. ಕವಿತೆಯಲ್ಲಿ ಪರಿಮಳದ ಸುಳಿವೇ ಇಲ್ಲ, ಮೇಲಾಗಿ ಮಕಾರಗಳು ಬಂದಿರುವುದು ಹೂವು ಅರಳುವ ಮೊದಲಿನ ಸಾಲುಗಳಲ್ಲಿ. ಪದಗಳು ದಿಕ್ಕು ತೋರಿಸದ ಕಡೆಗೆ ಧ್ವನಿಯನ್ನು ಎಳೆದುಕೊಂಡು ಹೋದರೆ, ಒಪ್ಪದವರು ಹೇಳಿದ ಭ್ರಮೆಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಪ್ರೌಢಶಾಲಾ ಶಿಕ್ಷಕಿ, ಆಲೂರು

ನಾನು ಒಂದು ಪ್ರಯೋಗ ಮಾಡಿದೆ. ಮೊದಲೆರಡು ಸಾಲಿನ ಅರ್ಥವನ್ನು ಆದಷ್ಟು ಹಾಗೆಯೇ ಉಳಿಸಿ, ಸದ್ದನ್ನು ಮಾತ್ರ ಬದಲಿಸಿ ಬರೆದೆ:

ವರ್ಷದ ಚೊಚ್ಚಲ ಹನಿ ನಿಧಾನವಾಗಿ ನೆಲ ತಾಕಿತು,
ನಿದ್ದೆಯಲ್ಲಿದ್ದ ಕುಡಿಗಳು ಎಚ್ಚರಗೊಂಡವು.

ಎಂಟನೆಯ ತರಗತಿಯಲ್ಲಿ ಎರಡನ್ನೂ ಓದಿ, ಏನು ವ್ಯತ್ಯಾಸವೆಂದು ಕೇಳಿದೆ. ಒಬ್ಬ ಹುಡುಗ, ಮೊದಲನೆಯದು ಅಮ್ಮ ಎಬ್ಬಿಸಿದ ಹಾಗಿದೆ, ಎರಡನೆಯದು ಶಾಲೆಯ ಗಂಟೆ ಹೊಡೆದ ಹಾಗಿದೆ ಎಂದ. ಅರ್ಥದಲ್ಲಿ ಏನೂ ಕಳೆದಿಲ್ಲ. ಆದರೆ ನನ್ನ ಸಾಲುಗಳಲ್ಲಿ ಹನಿ ಬೇರೆ, ನೆಲ ಬೇರೆ, ಕುಡಿ ಬೇರೆ. ಅವಳ ಸಾಲುಗಳಲ್ಲಿ ಮಳೆ, ಮಣ್ಣು, ಮೊಗ್ಗು, ಮೈ ಎಲ್ಲವೂ ಒಂದೇ ಮನೆಯವರು. ಮಳೆ ಹೊರಗಿನಿಂದ ಬಂದ ಅತಿಥಿಯಲ್ಲ, ಮೊಗ್ಗಿಗೆ ಹತ್ತಿರದ ಸಂಬಂಧಿ. ಆ ಸಂಬಂಧವನ್ನು ಯಾವ ಪದವೂ ಹೇಳಿಲ್ಲ. ಮೊದಲಕ್ಷರ ಹೇಳಿದೆ. ನನ್ನ ಮಟ್ಟಿಗೆ ಮೂಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಒಪ್ಪದವನು, ಹಾಸನ

ಟೀಚರ್, ನಿಮ್ಮ ಪರ್ಯಾಯದಲ್ಲಿ ‘ಎಚ್ಚರಗೊಂಡವು’ ಎಂಬುದು ‘ಮೈ ಮುರಿದವು’ ಎಂಬುದಕ್ಕೆ ಸಮನಲ್ಲ. ಮೈ ಮುರಿಯುವುದರಲ್ಲಿ ಚಿತ್ರವಿದೆ, ಎಚ್ಚರಗೊಳ್ಳುವುದರಲ್ಲಿ ಇಲ್ಲ. ಹುಡುಗನಿಗೆ ಅಮ್ಮ ನೆನಪಾದದ್ದು ಆ ಚಿತ್ರದಿಂದ ಇರಬಹುದು. ಪ್ರಯೋಗ ನ್ಯಾಯವಾಗಿರಬೇಕಾದರೆ ಚಿತ್ರವನ್ನೂ ಉಳಿಸಬೇಕಿತ್ತು.

ಪ್ರೌಢಶಾಲಾ ಶಿಕ್ಷಕಿ, ಆಲೂರು

ನಿಮ್ಮ ಆಕ್ಷೇಪ ಸರಿ. ಒಂದು ಗಂಟೆ ಪ್ರಯತ್ನಿಸಿದೆ. ಮಕಾರವಿಲ್ಲದೆ ಆ ಚಿತ್ರವನ್ನು ಕನ್ನಡದಲ್ಲಿ ತರಲು ನನಗೆ ಪದ ಸಿಗಲಿಲ್ಲ. ‘ಮುರಿ’ ಎಂಬುದರಲ್ಲಿ ಎದ್ದು ಸೆಟೆದುಕೊಳ್ಳುವುದೂ ಇದೆ, ಒಡೆಯುವುದೂ ಇದೆ, ಮೊಗ್ಗಿಗೆ ಎರಡೂ ಬೇಕು.

ಹಳೆಯ ಓದುಗ, ತರೀಕೆರೆ

ಆ ಅಧ್ಯಕ್ಷರ ಅಸಹನೆಯ ಮೂಲ ಎಲ್ಲಿದೆ ಎಂದು ನಾನು ಊಹಿಸಬಲ್ಲೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟು ಬರೆದಾಗಿನಿಂದ, ಪ್ರಾಸವೆಂದರೆ ಹಳೆಯ ಸಂಕೋಲೆ ಎಂಬ ಮನೋಭಾವ ನಮ್ಮಲ್ಲಿ ಬೆಳೆಯಿತು. ಅದರಿಂದ ಕನ್ನಡಕ್ಕೆ ಒಳ್ಳೆಯದೇ ಆಯಿತು. ಆದರೆ ಪೈಗಳು ಬಿಟ್ಟದ್ದು ಎರಡನೆಯ ಅಕ್ಷರದ ಕಡ್ಡಾಯವನ್ನು, ಕಿವಿಯನ್ನಲ್ಲ. ಕಡ್ಡಾಯ ಹೋದ ಮೇಲೆ ಸದ್ದನ್ನು ಬೇಕಾದ ಕಡೆಗೆ ಮಾತ್ರ ತರುವ ಸ್ವಾತಂತ್ರ್ಯ ಸಿಕ್ಕಿತು, ಈ ಹುಡುಗಿ ಬಳಸಿದ್ದು ಅದನ್ನೇ.

ಗಮಕಿ, ಕಡೂರು

ತಡವಾಗಿ ಬರುತ್ತಿದ್ದೇನೆ. ನಾನು ಲಕ್ಷ್ಮೀಶನ ದೇವನೂರಿನ ಕಡೆಯವನು. ನಾದಲೋಲನೆಂದು ಹೆಸರಾದ ಆ ಕವಿಯ ವಾರ್ಧಕ ಷಟ್ಪದಿಗಳನ್ನು ಮೂವತ್ತು ವರ್ಷಗಳಿಂದ ವಾಚನ ಮಾಡುತ್ತಿದ್ದೇನೆ. ಕಣ್ಣಿಗೆ ಕಾಣುವ ಅನುಪ್ರಾಸವೇ ಬೇರೆ, ಕಿವಿಗೆ ಕೇಳುವುದೇ ಬೇರೆ ಎಂಬುದನ್ನು ನನಗೆ ಕಲಿಸಿದ್ದು ಆ ಕೆಲಸ. ನಿನ್ನೆ ರಾತ್ರಿ ಈ ಐದು ಸಾಲುಗಳನ್ನು ತಾಳವಿಲ್ಲದೆ, ನಿಧಾನವಾಗಿ ಹಾಡಿ ನೋಡಿದೆ. ನೀವೆಲ್ಲರೂ ಮೂರನೆಯ ಸಾಲನ್ನು ಬರಿದು ಎಂದು ಬಿಟ್ಟುಬಿಟ್ಟಿದ್ದೀರಿ. ಅಲ್ಲಿ ‘ಒಂಬತ್ತು’ ಎಂಬ ಪದವಿದೆ.

ಬರೆಯುವಾಗ ಒಂದು ಸೊನ್ನೆ. ಹಾಡುವಾಗ ಅದು ‘ಒಮ್ಬತ್ತು.’ ‘ಒಂ’ ಎಂಬುದನ್ನು ಎಳೆದು ನಿಲ್ಲಿಸಿದೆ. ತುಟಿ ಮುಚ್ಚಿತು, ಮಕಾರ ಒಳಗೇ ಮೊರೆಯುತ್ತಾ ನಿಂತಿತು. ಎಷ್ಟು ಹೊತ್ತು ಬೇಕಾದರೂ ಅದನ್ನು ಹಿಡಿದಿಡಬಹುದು. ಆಮೇಲೆ ತುಟಿ ಬಿಚ್ಚಿದ ಕೂಡಲೇ ‘ಬ.’ ಇಡೀ ಕವಿತೆಯಲ್ಲಿ ಮಕಾರ ಮುಗಿದು ಬಕಾರ ಹುಟ್ಟುವ ಜಾಗ ಅದೊಂದೇ, ಮತ್ತು ಅದು ಮೊಗ್ಗು ಹೂವಾಗಲು ಹಿಡಿಯುವ ದಿನಗಳ ಸಂಖ್ಯೆಯೊಳಗೆ ಇದೆ. ಬೆಳೆಗಾರರೇ, ರೊಬಸ್ಟಾದ ಲೆಕ್ಕಕ್ಕಾಗಿ ಇದನ್ನು ಎಂಟು ಎಂದು ತಿದ್ದಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಹಾಸನ

ಗಮಕಿಗಳೇ, ಇದು ನೂರಕ್ಕೆ ನೂರು ಸರಿ. ಅನುಸ್ವಾರ ತನ್ನ ಮುಂದಿನ ವರ್ಗದ ಅನುನಾಸಿಕವಾಗಿ ನುಡಿಯುತ್ತದೆ: ಅಂಗಳದಲ್ಲಿ ಙ್, ಪಂಚೆಯಲ್ಲಿ ಞ್, ಗಂಟೆಯಲ್ಲಿ ಣ್, ಪವರ್ಗದ ಮುಂದೆ ಮ್. ಹಾಗೆ ನೋಡಿದರೆ ಕೊನೆಯ ಪದವಾದ ‘ನಿಂತೆ’ಯಲ್ಲಿಯೂ ಅದೇ ಸೊನ್ನೆಯಿದೆ, ಆದರೆ ಅಲ್ಲಿ ಅದು ನ್, ನಾಲಗೆ ಹಲ್ಲಿನ ಹಿಂದಕ್ಕೆ ತಾಕುತ್ತದೆ, ತುಟಿ ಮುಚ್ಚುವುದಿಲ್ಲ. ‘ಬಾರದೆ’ಎಂಬುದರ ಬಕಾರ ದಾಟಿದ ಮೇಲೆ ಕವಿತೆ ಮುಗಿಯುವವರೆಗೂ ತುಟಿಗಳು ಮತ್ತೆ ಸೇರುವುದೇ ಇಲ್ಲ. ಬಾಯಿ ಬಾರದೆ ನಿಂತವಳ ಬಾಯಿ ತೆರೆದೇ ಉಳಿದಿದೆ.

ಹೇಮಾವತಿ ದಂಡೆ

ಓದಿ ನೋಡಿದೆ. ಹೌದು, ತೆರೆದೇ ಉಳಿಯಿತು.

ಕಾಫಿ ಬೆಳೆಗಾರ, ಸಕಲೇಶಪುರ

ಒಂಬತ್ತು ಇರಲಿ. ಮೂಡಿಗೆರೆಯ ತಂಗಿಯ ತೋಟದಲ್ಲಿ ಇರುವುದು ಅರೇಬಿಕಾ ಅಲ್ಲವೇ?

ಒಪ್ಪದವನು, ಹಾಸನ

‘ಒಂಬತ್ತು’ ಪದದ ವಿಷಯದಲ್ಲಿ ನನಗೆ ಹೇಳಲು ಏನೂ ಉಳಿದಿಲ್ಲ. ಕವಿ ಅದನ್ನು ಎಣಿಸಿ ಇಟ್ಟಳೋ ತಾನಾಗಿಯೇ ಬಂತೋ ಎಂಬುದು ಮುಖ್ಯವಲ್ಲ. ಪ್ರಯತ್ನ ಕಾಣದಿರುವುದೇ ಮುಖ್ಯ, ಅಲ್ಲಿ ಅದು ಕಾಣುವುದಿಲ್ಲ. ಆದರೆ ಇದೇ ಕಾರಣಕ್ಕೆ ‘ಮೆಲ್ಲಮೆಲ್ಲನೆ’ ಇನ್ನೂ ನನ್ನ ಕಿವಿಗೆ ಚುಚ್ಚುತ್ತದೆ. ಅಲ್ಲಿ ಕೈ ಕಾಣುತ್ತದೆ. ಒಂದು ‘ಮೆಲ್ಲ’ ತೆಗೆದರೆ ಅರ್ಥಕ್ಕೆ ಏನೂ ಆಗುವುದಿಲ್ಲ, ಮಳೆಯೂ ನಿಲ್ಲುವುದಿಲ್ಲ.

ಗಮಕಿ, ಕಡೂರು

ಹಾಡುವಾಗ ನಾನೂ ಅಲ್ಲಿಯೇ ಎಡವಿದೆ. ಒಂದು ‘ಮೆಲ್ಲ’ ಸಾಕು.

ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

ನನ್ನ ಅಭಿಪ್ರಾಯ ಬೇರೆ. ಜೋಡಿಪದ ಕನ್ನಡದ ಸ್ವಭಾವ. ಮೆಲ್ಲಮೆಲ್ಲನೆ, ಸಣ್ಣಸಣ್ಣಗೆ ಎಂಬಲ್ಲಿ ಎರಡನೆಯದು ಬರಿಯ ಪುನರುಕ್ತಿಯಲ್ಲ, ಅದು ಕಾಲವನ್ನು ಲಂಬಿಸುತ್ತದೆ. ಎರಡು ಗಂಟೆ ಸುರಿದ ಮಳೆಗೆ ಎರಡು ‘ಮೆಲ್ಲ’ ಇದ್ದರೆ ತಪ್ಪೇನು? ತೀರ್ಮಾನ ಹುಡುಗಿಯದು.

ತೋಟದಮನೆ, ಮೂಡಿಗೆರೆ

ಹೌದು ಅಣ್ಣ, ನಮ್ಮದು ಅರೇಬಿಕಾ.

ನಿನ್ನೆ ಭಾನುವಾರ ಹುಡುಗಿ ಬಂದಿದ್ದಳು. ಜಗಲಿಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಎಲ್ಲರ ಮಾತನ್ನೂ ತಾನೇ ಗಟ್ಟಿಯಾಗಿ ಓದಿದಳು. ‘ಒಂಬತ್ತು’ ಎಂಬುದರ ಬಳಿ ಬಂದಾಗ ಎರಡು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡು ಮೂರು ನಾಲ್ಕು ಸಲ ಹೇಳಿ ನೋಡಿದಳು. ತನಗೆ ಅದು ಗೊತ್ತಿರಲಿಲ್ಲವೆಂದೂ, ದಿನಗಳನ್ನು ಎಣಿಸಿದ್ದರಿಂದ ಬರೆದದ್ದೆಂದೂ ಹೇಳಿದಳು. ಮೇಷ್ಟ್ರು ಬೇಸರಿಸಬಾರದು, ಒಂದು ‘ಮೆಲ್ಲ’ವನ್ನು ತೆಗೆದಿದ್ದಾಳೆ. ‘ಮೈ ಮುರಿದವು’ ಹಾಗೆಯೇ ಇರುತ್ತದೆ.

ರಾತ್ರಿ ಊಟವಾದ ಮೇಲೆ ಬರೆಯುವ ಪುಸ್ತಕ ಎಲ್ಲಿದೆಯೆಂದು ನನ್ನನ್ನು ಕೇಳಿದಳು. ಇಲ್ಲಿಯೇ ಮರೆತು ಹೋಗಿದ್ದಳು, ನಾನು ಲೆಕ್ಕದ ಪುಸ್ತಕಗಳ ಜೊತೆಗೆ ತೆಗೆದಿಟ್ಟಿದ್ದೆ.